ಅರವತ್ತನಾಲ್ಕರಲ್ಲಿ ನಲವತ್ತೊಂದು

ಪಿಳ್ಳಮ್ಮ ಕಾಫಿ ಮಾಡುವ ವೈಖರಿಯನ್ನು ಮೊದಲ ಸಲ ನೋಡಿದವರು ನಗದೆ ಇರುವುದಿಲ್ಲ. ಒಲೆಯ ಪಕ್ಕದ ಮೊಳೆಗೆ ಒಂದು ಥರ್ಮಾಮೀಟರ್ ಕಡ್ಡಿ ಸದಾ ತೂಗುತ್ತಿರುತ್ತದೆ. ಹಾಲು ಕಣ್ಣೆದುರೇ ಉಕ್ಕಿದರೂ ಆಕೆಗೆ ನಂಬಿಕೆಯಿಲ್ಲ. ಕಡ್ಡಿ ಅದ್ದಬೇಕು, ಅಂಕಿ ಓದಬೇಕು, ಅದು ಐವತ್ತೈದಕ್ಕೆ ಇಳಿಯುವವರೆಗೆ ಕಾಯಬೇಕು. ಆಮೇಲೂ ಸ್ಟೀಲ್ ಲೋಟಕ್ಕೆ ಸೆರಗಿನ ತುದಿಯನ್ನು ಎರಡು ಸುತ್ತು ಸುತ್ತಿಯೇ ಕೊಡುವುದು. "ಏನಕ್ಕಾ ಇದು, ಆಸ್ಪತ್ರೇಲಿ ಔಷಧಿ ಕೊಟ್ಟಂಗೆ ಕೊಡ್ತೀಯಲ್ಲ" ಎಂದು ನೆಂಟರು ಛೇಡಿಸಿದರೆ ಪಿಳ್ಳಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸುತ್ತುತ್ತಾಳೆ. ಮಗಳು ಇಂದ್ರಾಣಿ ಮಾತ್ರ ಆ ಹೊತ್ತಿಗೆ ಮುಖವನ್ನು ಬೇರೆ ಕಡೆ ತಿರುಗಿಸುತ್ತಾಳೆ. ಯಾವುದು ಬಿಸಿ, ಯಾವುದು ತಣ್ಣಗೆ ಎಂದು ಅಮ್ಮನ ಹತ್ತು ಬೆರಳುಗಳಿಗೆ ತಿಳಿಯದೆ ಹದಿನೆಂಟು ವರ್ಷವಾಯಿತು.

ಇದೆಲ್ಲ ಶುರುವಾದದ್ದು ಒಂದು ಒಳ್ಳೆಯ ಪ್ರಶ್ನೆಯಿಂದ. ಕುದಿಯುವ ನೀರೇ ಇಲ್ಲದೆ ರೇಷ್ಮೆ ಗೂಡಿನ ನೂಲು ಬಿಚ್ಚುವಂತಾದರೆ ಹೇಗೆ? ಸೀಗೆಪಾಳ್ಯದ ಫಿಲೇಚರುಗಳಲ್ಲಿ, ಅಂದರೆ ನೂಲು ಬಿಚ್ಚುವ ಕಾರ್ಖಾನೆಗಳಲ್ಲಿ, ಹೆಂಗಸರು ದಿನಕ್ಕೆ ಎಂಟು ತಾಸು ಬಿಸಿನೀರಿನ ಬೇಸಿನ್ನುಗಳಲ್ಲಿ ಕೈಯಾಡಿಸಿ, ಬೆಂದ ಗೂಡಿನ ಎಳೆಯ ತುದಿ ಹುಡುಕುತ್ತಿದ್ದರು. ಬೆರಳ ಸಂದಿಯಲ್ಲಿ ಬೊಬ್ಬೆ ಒಡೆದು ಸಂಜೆ ಅನ್ನ ಕಲಸಲೂ ಆಗುತ್ತಿರಲಿಲ್ಲ. ಅಂಥ ಊರಿಗೆ ಸುಧಾತಂತ್ರ ಎಂಬ ಸಂಸ್ಥೆ ತಣ್ಣೀರು ಬೇಸಿನ್ ತಂದಿತು. ಬೇಸಿನ್ನಿನ ತಳದಲ್ಲಿ ಅಂಗೈಯಗಲದ ಒಂದು ತಟ್ಟೆ. ಅದು ಕಿವಿಗೆ ಕೇಳಿಸದಷ್ಟು ವೇಗವಾಗಿ ನಡುಗುತ್ತದೆ, ಆ ನಡುಕಕ್ಕೆ ಗೂಡಿನ ಅಂಟು ತಾನಾಗಿ ಸಡಿಲವಾಗುತ್ತದೆ. ತಟ್ಟೆಗೆ ಒಂದು ಸಣ್ಣ ಜಾಣತನವೂ ಇತ್ತು. ನೀರಿನೊಳಗೆ ಯಾರ ಬೆರಳು ಹೇಗೆ ಓಡಾಡುತ್ತದೆಂದು ಗುರುತಿಟ್ಟುಕೊಂಡು, ಆ ಕೈಗೆ ತಕ್ಕಂತೆ ತನ್ನ ನಡುಕವನ್ನು ಹೊಂದಿಸಿಕೊಳ್ಳುತ್ತಿತ್ತು.

ಮೊದಲ ತಿಂಗಳಲ್ಲೇ ಬೊಬ್ಬೆಗಳು ಮಾಯವಾದವು. ಹೆಂಗಸರು ತಟ್ಟೆಗೆ ಅರಿಶಿನ ಕುಂಕುಮ ಇಟ್ಟರು. ಬೆರಳುಗಳು ಒಂದೊಂದಾಗಿ ಸಾಯುತ್ತಿವೆ ಎಂದು ಯಾರಿಗೂ ಹೊಳೆಯಲಿಲ್ಲ. ನೋವಿಲ್ಲ ಎಂದರೆ ಗುಣವಾಗಿದೆ ಎಂದೇ ಅಲ್ಲವೇ ನಾವೆಲ್ಲ ತಿಳಿಯುವುದು!

ಇಂದ್ರಾಣಿಗೆ ಆಗ ಹನ್ನೆರಡು ವರ್ಷ. ತಮ್ಮ ಹುಟ್ಟಿ ಇಪ್ಪತ್ತೆರಡು ದಿನವಾಗಿತ್ತು, ಹೆಸರಿನ್ನೂ ಇಟ್ಟಿರಲಿಲ್ಲ. ನೀರು ಹಾಕಲು ಬರುತ್ತಿದ್ದ ಅಜ್ಜಿಗೆ ಅಂದು ಜ್ವರ. ಪಿಳ್ಳಮ್ಮ ತಾನೇ ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು, ಹಂಡೆಯಿಂದ ಬಕೆಟ್ಟಿಗೆ ತೋಡಿದ ನೀರಿನಲ್ಲಿ ಕೈ ಅದ್ದಿ ನೋಡಿದಳು. ಹದವಾಗಿದೆ ಎಂದಿತು ಕೈ. ಮೊದಲ ಚೊಂಬಿಗೇ ಅವಳ ಕಾಲು ಚುರ್ ಎಂದಿತು. ಅಷ್ಟರಲ್ಲಿ ನೀರು ಕೂಸಿನ ಮೇಲೆ ಬಿದ್ದಾಗಿತ್ತು. ಮೂರನೆಯ ದಿನ ಕೂಸು ಹೋಯಿತು. ಬಾಗಿಲಲ್ಲಿ ನಿಂತಿದ್ದ ಇಂದ್ರಾಣಿಗೆ ಆ ಚೊಂಬು ನೆಲಕ್ಕೆ ಬಿದ್ದ ಸದ್ದು ಇವತ್ತಿಗೂ ಕೇಳಿಸುತ್ತದೆ.

ಊರು ಪಿಳ್ಳಮ್ಮನಿಗೆ ಹೆಸರಿಟ್ಟಿತು. ಗಂಡ ಮನೆ ಬಿಟ್ಟು ಹೋದವನು ತಿರುಗಿ ನೋಡಲಿಲ್ಲ. ಪೊಲೀಸರು ನಿರ್ಲಕ್ಷ್ಯದ ಕೇಸು ಹಾಕಿದರು. ಕೋರ್ಟಿನಲ್ಲಿ ಆಕೆ ಹೇಳಿದ್ದು ಒಂದೇ ಮಾತು: "ಸ್ವಾಮಿ, ಆ ತಣ್ಣೀರು ಬೇಸಿನ್ನಲ್ಲಿ ಕೂತೂ ಕೂತೂ ನನ್ನ ಬೆರಳು ಜಡ ಆಗೋಗಿವೆ." ಅದು ನಿಜವೋ ಸುಳ್ಳೋ ತಿಳಿಸಲು ಸುಧಾತಂತ್ರದ ಪರಿಣತ ಡಾಕ್ಟರ್ ಶಶಿಶೇಖರ್ ಬಂದರು. ಎತ್ತರದ ಆಳು, ನೀಟಾದ ಕೋಟು, ಹಿಂದೆ ಕಾಲೇಜಿನಲ್ಲಿ ಲೆಕ್ಕ ಕಲಿಸಿದ ಮೇಷ್ಟರ ಗತ್ತು.

"ಸಾವಿರದ ಇನ್ನೂರು ಜನ ಹೆಂಗಸರ ಮೇಲೆ ಮೂರು ವರ್ಷ ಪರೀಕ್ಷೆ ಮಾಡಿದ್ದೀವಿ, ಸ್ವಾಮಿ" ಎಂದರು ಅವರು. "ಅರ್ಧ ಜನ ತಣ್ಣೀರು ಬೇಸಿನ್, ಅರ್ಧ ಜನ ಹಳೇ ಬಿಸಿನೀರು. ತಣ್ಣೀರಿನ ಆರುನೂರು ಜನರಲ್ಲಿ ಬೆರಳು ಜಡವಾದವರು ನೂರಮೂವತ್ತೆಂಟು. ಬಿಸಿನೀರಿನ ಆರುನೂರರಲ್ಲಿ ನೂರ ಇಪ್ಪತ್ತಾರು. ನೂರಕ್ಕೆ ಇಪ್ಪತ್ಮೂರು, ನೂರಕ್ಕೆ ಇಪ್ಪತ್ತೊಂದು. ಇಷ್ಟು ಸಣ್ಣ ಅಂತರ ಬರೀ ಆಕಸ್ಮಿಕವಾಗಿ ನೂರು ಸಲಕ್ಕೆ ನಲವತ್ತು ಸಲ ಬರಬಹುದು. ಐದು ಸಲಕ್ಕಿಂತ ಕಡಿಮೆ ಆದ್ರೆ ಮಾತ್ರ ನಾವು ಅನುಮಾನ ಪಡೋದು. ಅಂದ್ಮೇಲೆ ಬೇಸಿನ್ನಿಗೂ ಬೆರಳಿಗೂ ಸಂಬಂಧ ಇಲ್ಲ."

ಸರ್ಕಾರಿ ವಕೀಲರು ಒಂದು ಹೆಜ್ಜೆ ಮುಂದೆ ಹೋಗಿ, ಕಾಲಿಗೆ ತಿಳಿದ ಬಿಸಿ ಕೈಗೆ ತಿಳಿಯಲಿಲ್ಲವೆಂದರೆ ನಂಬುವ ಮಾತೇ ಎಂದು ಕೇಳಿದರು. ಶಶಿಶೇಖರ್ ತಮ್ಮ ಲೆಕ್ಕದ ಹಾಳೆಯ ಕೆಳಗೆ ಹಸಿರು ಶಾಯಿಯಲ್ಲಿ, ಬಾಲ ಎಳೆದು, ಸಹಿ ಹಾಕಿದರು. ಪಿಳ್ಳಮ್ಮನಿಗೆ ಎರಡು ವರ್ಷ ಶಿಕ್ಷೆಯಾಯಿತು. ಹಿಂದಿನ ಬೆಂಚಿನಲ್ಲಿ ಚಿಕ್ಕಮ್ಮನ ಪಕ್ಕ ಕೂತಿದ್ದ ಹುಡುಗಿ ಆ ಹಸಿರು ಬಾಲವನ್ನೇ ನೋಡುತ್ತಿದ್ದಳು. ಒಂದು ದಿನ ಈ ಮನುಷ್ಯನ ಲೆಕ್ಕ ಕಲಿತು, ಅದೇ ಲೆಕ್ಕದಿಂದ ಇವನ ಕತ್ತು ಹಿಡಿಯುತ್ತೇನೆ ಎಂದು ಅವಳು ಅಲ್ಲೇ ತೀರ್ಮಾನಿಸಿದಳು. ಹನ್ನೆರಡು ವರ್ಷದ ಮಕ್ಕಳು ಇಂಥ ಎಷ್ಟೋ ತೀರ್ಮಾನ ಮಾಡಿ ಮರೆಯುತ್ತಾರೆ. ಇಂದ್ರಾಣಿ ಮರೆಯುವ ಪೈಕಿ ಅಲ್ಲ.

*

ಈಗ ಇಂದ್ರಾಣಿ ರಾಜ್ಯದ ಉಪಕರಣ ಪರೀಕ್ಷಾಲಯದಲ್ಲಿ ಸಂಖ್ಯಾಶಾಸ್ತ್ರಜ್ಞೆ. ಯಾವ ಹೊಸ ಯಂತ್ರವೂ ಜನರ ಕೈಗೆ ಹೋಗುವ ಮೊದಲು ಅವಳ ಕೊಠಡಿಯ ಹನ್ನೆರಡು ಪರದೆಗಳ ಮುಂದೆ ಹಾದುಹೋಗಬೇಕು. ಒಂದು ಸೋಮವಾರ ಅವಳ ಮೇಜಿಗೆ ಬಂದ ಅರ್ಜಿಯ ಮೇಲೆ ಸುಧಾತಂತ್ರ ಎಂಬ ಹೆಸರಿತ್ತು. ಕೆಳಗೆ ಹಸಿರು ಶಾಯಿ. ಶಶಿಶೇಖರ್ ಈಗ ಆ ಸಂಸ್ಥೆಯ ಮುಖ್ಯಸ್ಥರು.

ತಣ್ಣೀರು ಬೇಸಿನ್ನಿನ ಅದೇ ತಟ್ಟೆಯನ್ನು ಇನ್ನು ಮನೆಮನೆಯ ಅಡುಗೆ ಸಿಂಕಿನ ತಳದಲ್ಲಿ ಕೂರಿಸುತ್ತಾರಂತೆ. ಸೋಪು ಬೇಡ, ಉಜ್ಜುವುದು ಬೇಡ, ಕೈ ಆಡಿಸಿದರೆ ಸಾಕು, ಪಾತ್ರೆ ಫಳಫಳ. ಸುರಕ್ಷತೆಗೆ ಸಾಕ್ಷಿಯಾಗಿ ಹಳೆಯ ಪರೀಕ್ಷೆಯನ್ನೇ ಲಗತ್ತಿಸಿದ್ದರು: ನೂರಮೂವತ್ತೆಂಟು, ನೂರ ಇಪ್ಪತ್ತಾರು. ನಿಯಮದ ಪ್ರಕಾರ ಆ ಕಾಲದ ತಟ್ಟೆಗಳ ನೆನಪಿನ ಕಡತಗಳನ್ನೂ ಕೊಡಬೇಕಿತ್ತು, ಕೊಟ್ಟಿದ್ದರು. ಹದಿನೆಂಟು ವರ್ಷದ ಹಿಂದಿನ ಕಸವನ್ನು ಯಾರು ಕೆದಕುತ್ತಾರೆ ಎಂಬ ಧೈರ್ಯ.

ಇಂದ್ರಾಣಿ ಅರ್ಜಿಯನ್ನು ಎತ್ತಿಕೊಂಡು ನೇರವಾಗಿ ಮೇಲಧಿಕಾರಿ ರೆಹಾನಾ ಬೇಗಂ ಅವರ ಕೊಠಡಿಗೆ ಹೋದಳು. ಕೋರ್ಟಿನ ಕಥೆಯನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ರೆಹಾನಾ ಕನ್ನಡಕ ತೆಗೆದಿಟ್ಟರು. "ಹಾಗಾದ್ರೆ ಈ ಫೈಲ್ ನಿನಗೆ ಕೊಡಬಾರದು."

"ಗೊತ್ತು ಮೇಡಂ. ಅದಕ್ಕೇ ಮೊದಲೇ ಹೇಳ್ದೆ. ಆದರೆ ಆ ಫಿಲೇಚರಲ್ಲಿ ನಮ್ಮಮ್ಮನ ಪಕ್ಕ ಕೂತು ಬೆಳೆದೋಳು ನಾನು. ಈ ಕಡತ ನನಗೆ ಅರ್ಥ ಆಗೋ ಹಂಗೆ ಬೇರೆ ಯಾರಿಗೂ ಆಗಲ್ಲ."

"ಸೇಡು ತೀರಿಸ್ಕೋಬೇಕು ಅಂತ ಇದೀಯಾ?"

"ಹೌದು ಮೇಡಂ."

ರೆಹಾನಾ ಅರ್ಜಿಯನ್ನು ಅವಳ ಕಡೆಗೇ ವಾಪಸು ಸರಿಸಿದರು. ಸುಳ್ಳು ಹೇಳಿದ್ದರೆ ಬಹುಶಃ ಆಗಲೇ ಹೊರಗೆ ಕಳಿಸುತ್ತಿದ್ದರು. "ಹುಡುಕು. ಆದರೆ ನೀನು ಮಾಡಿದ ಪ್ರತಿ ಲೆಕ್ಕವನ್ನೂ ಇನ್ನಿಬ್ಬರು ಬೇರೆ ಬೇರೆ ಕೂತು ಮತ್ತೆ ಮಾಡ್ತಾರೆ. ಒಂದು ಅಂಕಿ ಆಚೀಚೆ ಆಯ್ತೋ, ಸುಧಾತಂತ್ರದವರಿಗಿಂತ ಮೊದಲು ನಿನ್ನನ್ನು ಮನೆಗೆ ಕಳಿಸ್ತೀನಿ."

ಇಂದ್ರಾಣಿಯನ್ನು ಮೊದಲು ಚುಚ್ಚಿದ್ದು ಅಂತರವಲ್ಲ, ಎತ್ತರ. ತಣ್ಣೀರು ಬೇಸಿನ್ ಬರುವ ಮುಂಚೆ ಆಸ್ಪತ್ರೆಯವರು ಮಾಡಿದ್ದ ಹಳೆಯ ತಪಾಸಣೆಯೊಂದಿತ್ತು. ಕಣ್ಣು ಮುಚ್ಚಿಸಿ, ಬೆರಳಿಗೆ ಎರಡು ಸೂಜಿಮೊನೆ ಮುಟ್ಟಿಸಿ, ಒಂದೋ ಎರಡೋ ಎಂದು ಕೇಳುವ ಪರೀಕ್ಷೆ. ಆಗ ಸೀಗೆಪಾಳ್ಯದಲ್ಲಿ ಬೆರಳು ಜಡವಾದವರು ನೂರಕ್ಕೆ ಎಂಟು ಜನ. ಅದೇ ಸೂಜಿಯಲ್ಲಿ ಶಶಿಶೇಖರ್ ಅಳೆದಾಗ ತಣ್ಣೀರಿನವರು ಇಪ್ಪತ್ತಮೂರು, ಸರಿ. ಬಿಸಿನೀರಿನವರು ಇಪ್ಪತ್ತೊಂದು ಯಾಕೆ? ಅವರ ಬೇಸಿನ್ನಿನಲ್ಲಿ ಏನೂ ಬದಲಾಗಿರಲಿಲ್ಲವಲ್ಲ! ಎರಡು ಗುಂಪು ಒಂದೇ ಥರ ಇವೆ ಎಂದು ಕುಣಿದ ಮನುಷ್ಯ, ಎರಡೂ ಒಟ್ಟಿಗೆ ಏರಿದ್ದು ಯಾಕೆ ಎಂದು ಕೇಳಿಕೊಂಡಿರಲಿಲ್ಲ. ಅಥವಾ ಕೇಳಿಕೊಂಡು ಬಾಯಿ ಮುಚ್ಚಿಕೊಂಡಿದ್ದ.

ಅವಳು ತಟ್ಟೆಗಳ ನೆನಪನ್ನು ಪರದೆಯ ಮೇಲೆ ಹರಡಿದಳು. ಪ್ರತಿ ಕೈಗೂ ಒಂದು ಬಣ್ಣ ಕೊಟ್ಟಳು. ಒಂದು ಬೇಸಿನ್ನಿನಲ್ಲಿ ಒಂದೇ ಬಣ್ಣ ಇರಬೇಕಿತ್ತು. ಇರಲಿಲ್ಲ. ಒಂದು ವಾರ ಇದ್ದ ಬಣ್ಣ ಮರುವಾರ ಮಾಯ, ಅದರ ಮರುವಾರ ಮುಂದಿನ ತಣ್ಣೀರು ಬೇಸಿನ್ನಿನಲ್ಲಿ ಪ್ರತ್ಯಕ್ಷ. ಪರದೆಯ ತುಂಬ ಬಣ್ಣಗಳು ಮೆಟ್ಟಿಲು ಹತ್ತುತ್ತಿದ್ದವು. ಇಂದ್ರಾಣಿ ಕುರ್ಚಿಯಿಂದ ಎದ್ದು ನಿಂತಳು. ಅವಳಿಗೆ ಈ ಮೆಟ್ಟಿಲು ಗೊತ್ತಿತ್ತು, ಆದರೂ ಅಮ್ಮನ ಬಾಯಿಂದಲೇ ಕೇಳಬೇಕೆನಿಸಿತು.

*

"ಅಮ್ಮಾ, ಫಿಲೇಚರಲ್ಲಿ ಜಾಗ ಬದಲಾಯಿಸ್ತಿದ್ರಲ್ಲ, ಅದೆಂಗೆ?"

ಪಿಳ್ಳಮ್ಮ ಸೊಪ್ಪು ಬಿಡಿಸುತ್ತಿದ್ದಳು. ಬೆರಳನ್ನು ನಂಬದೆ ಪ್ರತಿ ಎಲೆಯನ್ನೂ ಕಣ್ಣಿನ ಹತ್ತಿರ ತಂದು ನೋಡುವುದು ಅವಳ ಅಭ್ಯಾಸ.

"ಸರದಿ ಕಣೇ ಅದು. ಬಾಯ್ಲರ್ ಪಕ್ಕ ಕೂತೋರಿಗೆ ಬೆಂಕಿ ಝಳ, ಬಾಗಿಲ ಪಕ್ಕ ಕೂತೋರಿಗೆ ಗಾಳಿ. ಒಬ್ಳೇ ಯಾಕೆ ಸಾಯ್ಬೇಕು? ಅದಕ್ಕೆ ವಾರದ ರಜಾ ಮುಗಿಸ್ಕಂಡು ಬಂದ್ ದಿನ ಎಲ್ರೂ ಒಂದೊಂದು ಬೇಸಿನ್ನು ಬಲಕ್ಕೆ ಜರುಗೋದು. ನಮ್ಮತ್ತೆ ಕಾಲದಿಂದ್ಲೂ ಹಂಗೇ."

"ತಣ್ಣೀರು ಬೇಸಿನ್ ಬಂದ್ಮೇಲೂ?"

"ಬಂದ್ಮೇಲೆ ಬಿಡ್ತೀವಾ? ಒಂದು ತಣ್ಣೀರಿಂದು, ಒಂದು ಬಿಸಿನೀರಿಂದು, ಹಂಗೆ ಸಾಲಾಗಿ ಇಟ್ಟಿದ್ರು. ಈ ವಾರ ಇವಳಿಗೆ ತಣ್ಣೀರು, ಮುಂದಿನ ವಾರ ಅವಳಿಗೆ. ಸುಖ ಎಲ್ರಿಗೂ ಸಮ ಬರ್ಲಿ ಅಂತ. ಕಂಪನಿಯೋರು ಮೊದಲ್ನೇ ದಿನ ಬಂದು ಯಾರ್ ಯಾರು ಎಲ್ಲೆಲ್ಲಿ ಕೂತಿದೀರಿ ಅಂತ ಹೆಸರು ಬರ್ಕೊಂಡ್ ಹೋದ್ರು. ಆಮೇಲೆ ಕೇಳ್ಲೇ ಇಲ್ಲ."

ಇಂದ್ರಾಣಿ ಕಣ್ಣು ಮುಚ್ಚಿದಳು. ಎಷ್ಟು ಸರಳ! ಸಂಸ್ಥೆ ಎರಡು ಗುಂಪುಗಳನ್ನು ಹೋಲಿಸಿರಲೇ ಇಲ್ಲ. ಅರ್ಧ ತಣ್ಣೀರು ಕಂಡ ಆರುನೂರು ಕೈಗಳನ್ನು, ಅರ್ಧ ತಣ್ಣೀರು ಕಂಡ ಇನ್ನೊಂದು ಆರುನೂರು ಕೈಗಳ ಜೊತೆ ಹೋಲಿಸಿತ್ತು. ಎರಡೂ ಪಾತ್ರೆಗೆ ಒಂದೇ ಸಾರು ಸುರಿದು, ರುಚಿಯಲ್ಲಿ ವ್ಯತ್ಯಾಸವಿಲ್ಲ ಎಂದು ಪ್ರಮಾಣಪತ್ರ ಕೊಟ್ಟ ಹಾಗೆ. ಆ ಹೆಂಗಸರು ಸುಖವನ್ನು ಹಂಚಿಕೊಳ್ಳುತ್ತಿದ್ದೇವೆಂದು ತಿಳಿದು ವಿಷವನ್ನು ಹಂಚಿಕೊಂಡಿದ್ದರು.

"ಎಲ್ರೂ ಜರುಗ್ತಿದ್ರಾ? ಯಾರಿಗೂ ವಿನಾಯ್ತಿ ಇರ್ಲಿಲ್ವಾ?"

"ಬಸುರೀರಿಗೆ ಇತ್ತಲ್ಲ. ಭಾರ ಹೊತ್ಕೊಂಡು ವಾರವಾರ ಎಲ್ಲಿ ಎದ್ದು ಓಡಾಡ್ತಾರೆ? ಅವ್ರಿಗೆ ಎಲ್ಲಿ ಬೇಕೋ ಅಲ್ಲೇ ಖಾಯಂ ಜಾಗ. ಕೆಲವ್ರು ತಣ್ಣೀರೇ ಬೇಕು ಅಂತಿದ್ರು. ಇನ್ ಕೆಲವ್ರಿಗೆ ಮನೇಲಿ ಅತ್ತೆದೀರು ಬಿಡ್ತಿರ್ಲಿಲ್ಲ, ಬಸುರಿ ತಣ್ಣೀರಲ್ಲಿ ಕೈ ಇಟ್ರೆ ಥಂಡಿ ಹಿಡಿಯುತ್ತೆ ಅಂತ. ಅವ್ರು ಬಿಸಿನೀರಲ್ಲೇ ಕೂತ್ರು." ಪಿಳ್ಳಮ್ಮ ಒಂದು ಎಲೆಯನ್ನು ಬಹಳ ಹೊತ್ತು ನೋಡಿದಳು. "ನಮ್ಮತ್ತೆ ಅಷ್ಟೊತ್ತಿಗೆ ತೀರ್ಕೊಂಡಿದ್ರು. ಪಾಪ, ಎಲ್ರೂ ಸೇರಿ ನಂಗೆ ತಣ್ಣೀರು ಬೇಸಿನ್ನು ಬಿಟ್ಕೊಟ್ರು. ಒಂಬತ್ತು ತಿಂಗಳೂ ಅಲ್ಲೇ ರಾಣಿ ಹಂಗೆ ಕೂತಿದ್ದೆ."

*

ಮರುದಿನ ಬೆಳಿಗ್ಗೆ ಇಂದ್ರಾಣಿ ಪರದೆಯ ಮೇಲಿಂದ ಮೆಟ್ಟಿಲು ಹತ್ತುವ ಬಣ್ಣಗಳನ್ನೆಲ್ಲ ಅಳಿಸಿದಳು. ಉಳಿದವು ನೇರ ಗೆರೆಗಳು. ತಿಂಗಳುಗಟ್ಟಲೆ ಒಂದೇ ತಟ್ಟೆಯ ಮೇಲೆ ಆಡಿದ ಕೈಗಳು ಅವು, ತಣ್ಣೀರಿನಲ್ಲಿ ಖಾಯಂ ಕೂತ ಬಸುರಿಯರವು. ಸಂಸ್ಥೆಯ ಪಟ್ಟಿಯಲ್ಲಿ ಬಸುರಿಯರೆಂದು ಗುರುತಾಗಿ, ಆ ತಿಂಗಳುಗಳಲ್ಲಿ ಯಾವ ತಟ್ಟೆಯ ನೆನಪಿನಲ್ಲೂ ಸಿಗದವರು ಬಿಸಿನೀರಿನಲ್ಲಿ ಖಾಯಂ ಕೂತವರು. ವಯಸ್ಸು, ಕೆಲಸಕ್ಕೆ ಸೇರಿದ ವರ್ಷ ಎಲ್ಲ ಹೆಚ್ಚುಕಡಿಮೆ ಒಂದೇ. ಬೇರೆಯಾಗಿದ್ದದ್ದು ಮನೆಯಲ್ಲಿ ಥಂಡಿಗೆ ಹೆದರುವ ಅತ್ತೆ ಇದ್ದಳೋ ಇಲ್ಲವೋ ಎಂಬುದು ಮಾತ್ರ. ಯಾವ ವಿಜ್ಞಾನಿಯೂ ಯೋಜಿಸದ ಪರೀಕ್ಷೆಯೊಂದನ್ನು ಸೀಗೆಪಾಳ್ಯದ ಅತ್ತೆಯರು ಮಾಡಿಟ್ಟಿದ್ದರು.

ಸೂಜಿ ಪರೀಕ್ಷೆಯ ಪಟ್ಟಿ ತೆರೆದಳು. ತಣ್ಣೀರಿನವರು ಅರವತ್ತೈದು ಜನ, ಅದರಲ್ಲಿ ಬೆರಳು ಜಡವಾದವರು ನಲವತ್ತೆರಡು. ಬಿಸಿನೀರಿನವರು ಐವತ್ತೆಂಟು ಜನ, ಜಡವಾದವರು ಐದು.

ನಲವತ್ತೆರಡು ಹೆಸರುಗಳ ನಡುವೆ ಅಮ್ಮನ ಹೆಸರಿತ್ತು. ಅದರ ಮುಂದಿನ ಎರಡು ಅಂಕಣ ನೋಡಿ ಇಂದ್ರಾಣಿಯ ಮೈ ಉರಿಯಿತು. ಒಂದು, ಅಮ್ಮನ ಬೆರಳು ಜಡವೆಂದು ಗುರುತು ಹಾಕಿದ ತಾರೀಕು: ತಮ್ಮ ಹುಟ್ಟುವುದಕ್ಕೆ ಐದು ವಾರ ಮೊದಲು. ಅವರಿಗೆ ಗೊತ್ತಿತ್ತು, ಯಾರೂ ಅಮ್ಮನಿಗೆ ಹೇಳಲಿಲ್ಲ. ಒಂದು ಮಾತು ಹೇಳಿದ್ದರೆ ಕೂಸಿಗೆ ನೀರು ಹಾಕಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು. ಎರಡು, ಸಂಸ್ಥೆಯ ಪಟ್ಟಿಯಲ್ಲಿ ಅಮ್ಮನ ಗುಂಪು: ಬಿಸಿನೀರು. ಹೆಸರು ಬರೆದುಕೊಂಡ ಮೊದಲ ದಿನ ಆಕೆ ಬಿಸಿನೀರಿನ ಬೇಸಿನ್ನಿನ ಮುಂದಿದ್ದಳಂತೆ, ಅಷ್ಟೇ. ಅಂದರೆ ಶಶಿಶೇಖರ್ ಕೋರ್ಟಿನಲ್ಲಿ ಓದಿದ ಆ ನೂರ ಇಪ್ಪತ್ತಾರರಲ್ಲಿ ಅಮ್ಮನೂ ಒಬ್ಬಳು. ತಣ್ಣೀರಿನಲ್ಲಿ ಸತ್ತ ಅವಳ ಬೆರಳುಗಳನ್ನು ತಣ್ಣೀರಿನ ಪರವಾಗಿ ಸಾಕ್ಷಿಗೆ ನಿಲ್ಲಿಸಿ, ಅವಳನ್ನೇ ಜೈಲಿಗೆ ಕಳಿಸಿದ್ದರು.

ಕಡತದ ಕೊನೆಯಲ್ಲಿ ತಟ್ಟೆಗಳ ನೆನಪನ್ನು ಯಾವಾಗ, ಯಾರು ತೆರೆದು ಓದಿದರು ಎಂಬ ದಾಖಲೆಯಿತ್ತು. ಹದಿನೆಂಟು ವರ್ಷದಲ್ಲಿ ಒಬ್ಬರೇ ಒಬ್ಬರು ಓದಿದ್ದರು, ಅಮ್ಮನ ವಿಚಾರಣೆಗೆ ಹನ್ನೊಂದು ದಿನ ಮೊದಲು. ಹೆಸರು ಶಶಿಶೇಖರ್. ಬಣ್ಣಗಳು ಮೆಟ್ಟಿಲು ಹತ್ತುವುದನ್ನು ಅವರೂ ನೋಡಿದ್ದರು.

ರೆಹಾನಾ ಎಲ್ಲವನ್ನೂ ನೋಡಿ ಒಂದೇ ಮಾತು ಹೇಳಿದರು. "ನಿಮ್ಮಮ್ಮನ ಸಾಲನ್ನು ತೆಗೆದುಬಿಡು."

"ಮೇಡಂ!"

"ತನ್ನ ತಾಯಿಯನ್ನು ಸೇರಿಸಿ ಗೆದ್ದಳು ಅಂತ ಅವರ ವಕೀಲ ಕುಣೀತಾನೆ. ಬಿಟ್ಟು ಗೆಲ್ಲು."

ಇಂದ್ರಾಣಿ ಆ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು. ಸುಳ್ಳು ಲೆಕ್ಕದಲ್ಲಿ ಅಮ್ಮನಿಗೆ ಜಾಗವಿತ್ತು, ನಿಜವಾದ ಲೆಕ್ಕದಲ್ಲಿ ಇಲ್ಲ. ಕೊನೆಗೆ ಅಳಿಸಿದಳು. ಅರವತ್ತನಾಲ್ಕರಲ್ಲಿ ನಲವತ್ತೊಂದು. ಐವತ್ತೆಂಟರಲ್ಲಿ ಐದು. ಇನ್ನಿಬ್ಬರು ಬೇರೆ ಬೇರೆ ಕೂತು ಲೆಕ್ಕ ಮಾಡಿದರು, ಒಂದು ಅಂಕಿಯೂ ಆಚೀಚೆ ಆಗಲಿಲ್ಲ.

*

ಅನುಮತಿ ಮಂಡಳಿಯ ಸಭೆ ಮಧ್ಯಾಹ್ನಕ್ಕಿತ್ತು. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಜೊತೆಗೆ ನಾಲ್ವರು ಸದಸ್ಯರು. ಪತ್ರಿಕೆಯವರಿಗೂ ಹಿಂದೆ ಜಾಗ ಹಾಕಿದ್ದರು. ಶಶಿಶೇಖರ್ ತಲೆ ನೆರೆತು ಇನ್ನಷ್ಟು ಗಂಭೀರವಾಗಿದ್ದರು. ಮುಂದೆ ಕೂತ ಪರೀಕ್ಷಕಿ ಯಾರ ಮಗಳೆಂದು ಅವರಿಗೆ ಗೊತ್ತಿರಲಿಲ್ಲ. ಅಧ್ಯಕ್ಷರಿಗೆ ಗೊತ್ತಿತ್ತು, ರೆಹಾನಾ ಮೊದಲೇ ಬರವಣಿಗೆಯಲ್ಲಿ ತಿಳಿಸಿದ್ದರು.

ಇಂದ್ರಾಣಿ ಎದ್ದು ನಿಂತು ಬಹಳ ವಿನಯದಿಂದ ಕೇಳಿದಳು. "ಸರ್, ನಿಮ್ಮ ವರದಿ ನೋಡೋ ಮೊದಲು ನಿಮ್ಮ ವಿಧಾನವನ್ನು ಮಂಡಳಿ ನೋಡಬೇಕು ಅಂತಿದೆ. ಒಂದು ಉಪಕರಣದ ಪರೀಕ್ಷೆಯ ಅಂಕಿ ಕೊಡ್ತೀನಿ. ಯಾವ ಉಪಕರಣ, ಯಾರ ಮೇಲೆ ಅಂತ ಹೇಳಲ್ಲ, ಹೇಳಿದ್ರೆ ಮನಸ್ಸು ಒಂದು ಕಡೆ ವಾಲುತ್ತೆ ಅಂತ ನೀವೇ ಪಾಠದಲ್ಲಿ ಹೇಳೋರಂತೆ. ಉಪಕರಣ ಬಳಸಿದೋರು ಅರವತ್ತನಾಲ್ಕು ಜನ, ತೊಂದರೆಯಾದೋರು ನಲವತ್ತೊಂದು. ಬಳಸದೋರು ಐವತ್ತೆಂಟು, ತೊಂದರೆಯಾದೋರು ಐದು. ನಿಮ್ಮ ತೀರ್ಮಾನ ಏನು?"

ಶಶಿಶೇಖರ್ ಮುಗುಳ್ನಕ್ಕರು. ಹಳೆಯ ಮೇಷ್ಟರಿಗೆ ಬೋರ್ಡು, ಪೆನ್ನು ಕೊಟ್ಟು ಬಿಡಿಸಿ ಎಂದರೆ ಬೇಡ ಎನ್ನುತ್ತಾರೆಯೇ? ಬೋರ್ಡಿನ ಮೇಲೆ ಅವರ ಕೈ ಲೀಲಾಜಾಲವಾಗಿ ಓಡಿತು.

"ನೋಡಿ, ಮೊದಲು ಎರಡರಲ್ಲೂ ವ್ಯತ್ಯಾಸವೇ ಇಲ್ಲ ಅಂತ ಊಹಿಸೋಣ. ಇದಕ್ಕೆ ಶೂನ್ಯ ಊಹೆ ಅಂತೀವಿ. ಹಾಗಾದ್ರೆ ಎಲ್ಲರನ್ನೂ ಒಟ್ಟಿಗೆ ಸೇರಿಸಬಹುದು: ನೂರ ಇಪ್ಪತ್ತೆರಡರಲ್ಲಿ ನಲವತ್ತಾರು, ನೂರಕ್ಕೆ ಸುಮಾರು ಮೂವತ್ತೆಂಟು. ಇಷ್ಟು ಜನರನ್ನು ಹೀಗೆ ಎರಡು ಪಾಲು ಮಾಡಿದ್ರೆ ಬರೀ ಅದೃಷ್ಟದಿಂದ ಬರೋ ಏರಿಳಿತ ಸುಮಾರು ಒಂಬತ್ತು ಅಂಶ. ಇಲ್ಲಿ ಕಾಣ್ತಿರೋ ಅಂತರ ಎಷ್ಟು? ಬಳಸಿದವರಲ್ಲಿ ನೂರಕ್ಕೆ ಅರವತ್ತನಾಲ್ಕು, ಬಳಸದವರಲ್ಲಿ ನೂರಕ್ಕೆ ಒಂಬತ್ತು, ಕಳೀರಿ, ಐವತ್ತೈದು. ಏರಿಳಿತದ ಆರು ಪಟ್ಟಿಗೂ ಮಿಗಿಲು!" ಅವರು ತಿರುಗಿ ನಿಂತರು. "ಆಕಸ್ಮಿಕವಾಗಿ ಇಷ್ಟು ಅಂತರ ಬರೋ ಸಂಭವ ನೂರು ಕೋಟಿಯಲ್ಲಿ ಒಂದಕ್ಕಿಂತಲೂ ಕಡಿಮೆ. ಶೂನ್ಯ ಊಹೆಯನ್ನು ಕಸದ ಬುಟ್ಟಿಗೆ ಹಾಕಬಹುದು."

"ವಿಶ್ವಾಸಾಂತರ, ಸರ್?"

"ಬರ್ತೀನಿ. ನೂರಕ್ಕೆ ತೊಂಬತ್ತೈದರಷ್ಟು ಭರವಸೆಯಿಂದ ಹೇಳೋದಾದ್ರೆ, ನಿಜವಾದ ಅಂತರ ನಲವತ್ತೆರಡಕ್ಕೂ ಅರವತ್ತೊಂಬತ್ತಕ್ಕೂ ಮಧ್ಯೆ ಎಲ್ಲೋ ಇದೆ. ಸೊನ್ನೆ ಹತ್ತಿರಕ್ಕೂ ಸುಳಿಯಲ್ಲ. ಅಂದ್ರೆ ಈ ಉಪಕರಣ ಮುಟ್ಟಿದ ನೂರು ಜನರಲ್ಲಿ ಕಡಿಮೆ ಅಂದ್ರೂ ನಲವತ್ತು ಜನರನ್ನು ಅದು ಕೆಡಿಸಿದೆ."

"ಈ ಅಂಕಿಗಳನ್ನು ನೋಡಿಯೂ ಒಬ್ಬರು ಸುಮ್ಮನಿದ್ರೆ?"

ಶಶಿಶೇಖರ್ ಪತ್ರಿಕೆಯವರ ಕಡೆ ಒಮ್ಮೆ ನೋಡಿ ದನಿ ಎತ್ತರಿಸಿದರು. "ಅಂಥವನಿಗೆ ಲೆಕ್ಕ ಬರಲ್ಲ ಅನ್ನೋಕಾಗಲ್ಲ, ಅವನಿಗೆ ಆತ್ಮಸಾಕ್ಷಿ ಇಲ್ಲ. ಅವನ ಜಾಗ ಜೈಲು."

"ಬರೆದು ಸಹಿ ಹಾಕ್ತೀರಾ, ಸರ್? ದಾಖಲೆಗೆ."

ಹಾಕಿದರು. ಹಸಿರು ಶಾಯಿ, ಎಳೆದ ಬಾಲ. ಇಂದ್ರಾಣಿ ಹಾಳೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡು ಅಧ್ಯಕ್ಷರ ಮುಂದಿಟ್ಟಳು. ಹದಿನೆಂಟು ವರ್ಷ ಕಾದ ಘಳಿಗೆ ಇದು.

"ಉಪಕರಣ ಸುಧಾತಂತ್ರದ ತಣ್ಣೀರು ಬೇಸಿನ್. ಜಾಗ ಸೀಗೆಪಾಳ್ಯ. ಅಂಕಿಗಳು ನಿಮ್ಮದೇ ತಟ್ಟೆಗಳ ನೆನಪಿಂದ, ನಿಮ್ಮದೇ ಸೂಜಿ ಪರೀಕ್ಷೆಯಿಂದ ತೆಗೆದದ್ದು, ಸರ್."

ಸಭೆಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು. ಹಿಂದಿನ ಪರದೆಯ ಮೇಲೆ ಬಣ್ಣಗಳು ಮೆಟ್ಟಿಲು ಹತ್ತತೊಡಗಿದವು. ಸರದಿ ಎಂದರೇನು, ಗುಂಪುಗಳು ಹೇಗೆ ಬೆರೆತವು, ನೇರ ಗೆರೆಗಳು ಯಾರವು ಎಂದು ಇಂದ್ರಾಣಿ ಒಂದೊಂದಾಗಿ ಹೇಳುತ್ತಾ ಹೋದಳು. ಶಶಿಶೇಖರ್ ಬೋರ್ಡಿನ ಮುಂದೆ ಪೆನ್ನು ಹಿಡಿದೇ ನಿಂತಿದ್ದರು.

"ಬಸುರಿಯರಲ್ಲಿ... ಬಸುರಿಯರಲ್ಲಿ ಬೆರಳು ಜೋಮು ಹಿಡಿಯೋದು ಸಹಜ" ಎಂದರು ಕೊನೆಗೆ.

"ಎರಡೂ ಗುಂಪಿನೋರು ಬಸುರಿಯರೇ, ಸರ್."

"ಇದೆಲ್ಲ ಆಗ ನಮಗೆ ತಿಳಿದಿರಲಿಲ್ಲ."

ಪರದೆ ಬದಲಾಯಿತು. ತಾರೀಕು, ವೇಳೆ, ಓದಿದವರ ಹೆಸರು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿದರು. ಆಮೇಲೆ ಹಸಿರು ಸಹಿಯ ಹಾಳೆ ಎತ್ತಿಕೊಂಡು, ಅದರ ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು: "ಅವನ ಜಾಗ ಜೈಲು."

ಇಂದ್ರಾಣಿಗೆ ಸಂತೋಷವಾಯಿತು. ಅದನ್ನು ಮುಚ್ಚಿಡುವ ಗೋಜಿಗೆ ಅವಳು ಹೋಗಲಿಲ್ಲ. ಆ ಮುಖ ಬಿಳಿಚಿಕೊಳ್ಳುವುದನ್ನು ಅವಳು ಹಬ್ಬದೂಟ ಉಣ್ಣುವ ಹಾಗೆ ನಿಧಾನವಾಗಿ ನೋಡಿದಳು.

*

ಸಿಂಕಿನ ಅನುಮತಿ ರದ್ದಾಯಿತು. ಪಿಳ್ಳಮ್ಮನ ಕೇಸನ್ನು ಮತ್ತೆ ತೆರೆಯಲು, ಶಶಿಶೇಖರ್ ಮೇಲೆ ಸುಳ್ಳು ಸಾಕ್ಷ್ಯದ ಮೊಕದ್ದಮೆ ಹೂಡಲು ಮಂಡಳಿ ಶಿಫಾರಸು ಮಾಡಿತು. ಇಂದ್ರಾಣಿ ಮನೆಗೆ ಬಂದು ಆದೇಶವನ್ನು ಅಮ್ಮನಿಗೆ ಓದಿ ಹೇಳಿದಳು. ಪಿಳ್ಳಮ್ಮ ಕಾಗದವನ್ನು ಕೆನ್ನೆಗೆ ಒತ್ತಿಕೊಂಡಳು. ಬೆರಳಿಗೆ ತಿಳಿಯದ್ದನ್ನು ಅವಳು ಕೆನ್ನೆಯಲ್ಲಿ ಮುಟ್ಟಿ ನೋಡುತ್ತಿದ್ದಳು.

"ನಲವತ್ತೊಂದರಲ್ಲಿ ನಾನೂ ಇದೀನಾ?"

"ಇಲ್ಲಮ್ಮ. ನೀನು ನನ್ನ ತಾಯಿ ಅಂತ ಬಿಟ್ಬಿಟ್ವಿ. ನಿನ್ನನ್ನು ಬಿಟ್ಟೇ ಗೆದ್ವಿ."

ಪಿಳ್ಳಮ್ಮ ತಲೆಯಾಡಿಸಿದಳು. "ಸರಿ ಬಿಡು. ಉಳಿದೋರ ಲೆಕ್ಕ ನೀನು ನೋಡ್ದೆ. ನಂದು ಹಂಗೇ ಇದೆ ಅಂತಾಯ್ತು." ಅದನ್ನು ಅವಳು ಎಷ್ಟು ಮೆತ್ತಗೆ ಹೇಳಿದಳೆಂದರೆ ಇಂದ್ರಾಣಿ ಅದಕ್ಕೆ ಗಮನ ಕೊಡಲಿಲ್ಲ.

ಹತ್ತು ದಿನದ ಮೇಲೆ, ಭಾನುವಾರ ಬೆಳಿಗ್ಗೆ, ಶಶಿಶೇಖರ್ ತಾವಾಗಿ ಮನೆ ಬಾಗಿಲಿಗೆ ಬಂದರು. ಕೈಯಲ್ಲಿ ಹಣ್ಣಿನ ಬುಟ್ಟಿ, ಕೋಟಿನ ಜೇಬಿನಲ್ಲಿ ಮಡಿಸಿದ ಒಂದು ಕಾಗದ. ಇಂದ್ರಾಣಿ ಬಾಗಿಲು ಹಾಕಲು ಹೊರಟಳು.

"ಬರ್ಲಿ ಬಿಡೇ" ಎಂದಳು ಒಳಗಿಂದ ಪಿಳ್ಳಮ್ಮ. "ಮನೆಗ್ ಬಂದೋರು. ಕೂತ್ಕೊಳಪ್ಪ."

ಅವರು ಕುರ್ಚಿಯ ತುದಿಯಲ್ಲಿ ಕೂತರು. "ತಾಯೀ, ಅಂದು ಕಂಪನಿಯವರ ಒತ್ತಡ ಇತ್ತು. ನನಗೂ ಮಕ್ಕಳಿದ್ದಾರೆ. ತಪ್ಪಾಯ್ತು. ನಿಮಗೆ ನನ್ನ ಮೇಲೆ ದ್ವೇಷವಿಲ್ಲ ಅಂತ ಈ ಕಾಗದಕ್ಕೆ ಒಂದು ಸಹಿ ಹಾಕಿಕೊಟ್ರೆ, ಕೋರ್ಟು ಸ್ವಲ್ಪ ದಯೆ ತೋರಿಸುತ್ತೆ ಅಂತ ವಕೀಲರು ಹೇಳಿದ್ರು."

"ಆಗ್ಲಪ್ಪ. ಮೊದ್ಲು ಕಾಫಿ ಕುಡೀರಿ."

ಇಂದ್ರಾಣಿಗೆ ಸಿಟ್ಟಿನಲ್ಲಿ ಕಣ್ಣು ಮಂಜಾಯಿತು. ಹದಿನೆಂಟು ವರ್ಷ ತಾನು ಹೊತ್ತ ಉರಿಯನ್ನು ಅಮ್ಮ ಒಂದು ಲೋಟ ಕಾಫಿಯಲ್ಲಿ ಆರಿಸಿಬಿಡುತ್ತಾಳೆಯೇ? ಅಡುಗೆಮನೆಯಿಂದ ಹಾಲು ಉಕ್ಕುವ ವಾಸನೆ ಬಂತು, ಸಕ್ಕರೆ ಕದಡುವ ಸದ್ದಾಯಿತು. ಪಿಳ್ಳಮ್ಮ ಹೊರಗೆ ಬಂದಳು. ಅಂಚಿನವರೆಗೆ ತುಂಬಿದ ಸ್ಟೀಲ್ ಲೋಟವನ್ನು ಎರಡು ಅಂಗೈ ನಡುವೆ ಹಿಡಿದಿದ್ದಳು, ದೇವರಿಗೆ ಹೂವು ತರುವಷ್ಟು ನೆಮ್ಮದಿಯಾಗಿ. ನಗುನಗುತ್ತಾ ಅವರ ಕಡೆ ಚಾಚಿದಳು. ಆ ನೆಮ್ಮದಿ ಕಂಡು ಶಶಿಶೇಖರ್ ಕೂಡ ಎರಡೂ ಕೈ ನೀಡಿ ಲೋಟವನ್ನು ಭದ್ರವಾಗಿ ಹಿಡಿದುಕೊಂಡರು.

ಅವರು ಕಿರುಚಿದ್ದು ಬೀದಿಗೆ ಕೇಳಿಸಿತು. ಲೋಟ ನೆಲಕ್ಕೆ ಬಿದ್ದು ಉರುಳಿತು, ಕುದಿಯುವ ಕಾಫಿ ಅವರ ಅಂಗೈ, ಮಣಿಕಟ್ಟು, ತೊಡೆಯ ಮೇಲೆಲ್ಲ ಚೆಲ್ಲಿತು. ಜೇಬಿನ ಕಾಗದ ಒದ್ದೆಯಾಯಿತು. ಅವರು ಕೈ ಒದರಿಕೊಳ್ಳುತ್ತಾ ಬಾಗಿಲ ಕಡೆ ಓಡಿದರು.

"ಅಯ್ಯೋ, ಬಿಸಿ ಇತ್ತೇನಪ್ಪಾ?" ಎಂದಳು ಪಿಳ್ಳಮ್ಮ, ತನ್ನ ಕೆಂಪಾದ ಅಂಗೈಗಳನ್ನು ತಿರುವಿ ನೋಡಿಕೊಳ್ಳುತ್ತಾ. "ನಂಗೆ ತಿಳಿಯಲ್ಲ ನೋಡು."

ಇಂದ್ರಾಣಿ ಅಡುಗೆಮನೆಯ ಕಡೆ ತಿರುಗಿದಳು. ಒಲೆಯ ಪಕ್ಕದ ಮೊಳೆಯಲ್ಲಿ ಥರ್ಮಾಮೀಟರ್ ಕಡ್ಡಿ ಹನಿಯೂ ಸೋಕದೆ ಒಣಗಿಯೇ ತೂಗುತ್ತಿತ್ತು. ಅಮ್ಮ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿದ್ದಳು. ಹದಿನೆಂಟು ವರ್ಷದಲ್ಲಿ ಅಮ್ಮ ಕಡ್ಡಿ ಅದ್ದದೆ, ಸೆರಗು ಸುತ್ತದೆ, ಯಾರ ಕೈಗೂ ಲೋಟ ಕೊಟ್ಟಿರಲಿಲ್ಲ.

ಬಗ್ಗಿ ಲೋಟವನ್ನು ಎತ್ತಿಕೊಂಡ ಪಿಳ್ಳಮ್ಮ ಮಗಳನ್ನು ನೋಡಿದಳು. "ಸುಣ್ಣದ ತಿಳಿ ಇದ್ರೆ ಅವ್ರ ಕೈಗೆ ಹಚ್ಚು, ಹೋಗು" ಎಂದಳು. "ಸುಟ್ಟಿದ್ದು ಅವ್ರಿಗೆ ಗೊತ್ತಾಗುತ್ತೆ."